ಕಾಲೇಜಿನ ಪಿಎಚ್‌ಡಿ ಕೇಂದ್ರಕ್ಕೆ ಅನುದಾನ ತರುವುದು ಹೇಗೆ? ಉತ್ತರ ಕನ್ನಡದ ಅಧ್ಯಾಪಕರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ನಮ್ಮ ಕಾಲೇಜಿಗೆ ಸಂಶೋಧನಾ ಕೇಂದ್ರದ ಮಾನ್ಯತೆ ಇದೆ. ಗೈಡ್ ಇದ್ದಾರೆ, ನಾಲ್ಕಾರು ವಿದ್ಯಾರ್ಥಿಗಳೂ ಇದ್ದಾರೆ. ಆದರೆ ಎಲ್ಲರೂ ತಮ್ಮ ಪಾಡಿಗೆ ತಾವು. ಕೋರ್ಸ್‌ವರ್ಕ್ ಹೆಸರಿಗಷ್ಟೇ ನಡೀತಿದೆ. ಸರಿಯಾಗಿ ನಡೆಸೋಣ ಅಂದ್ರೆ ದುಡ್ಡಿಲ್ಲ. ಯಾರನ್ನ ಕೇಳೋದು?" ವಿದ್ಯಾರ್ಥಿಗಳ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಫೆಲೋಶಿಪ್ ಸಿಗದಿದ್ದರೆ ಮುಂದೇನು? ಸಿಕ್ಕರೂ ಅದು ಸಾಕಾ?

ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫೆಲೋಶಿಪ್ ವಿದ್ಯಾರ್ಥಿಯ ಊಟ, ಬಾಡಿಗೆಗೆ ಆಗುತ್ತದೆ. ಆದರೆ ಪಿಎಚ್‌ಡಿ ಒಳ್ಳೆಯದಾಗಬೇಕಾದರೆ ಬೇಕಾಗುವ ಉಳಿದ ವಿಷಯಗಳಿಗೆ, ಅಂದರೆ ಪಾಠ, ಸೆಮಿನಾರು, ಕ್ಷೇತ್ರಕಾರ್ಯ, ಉಪಕರಣ, ಬರವಣಿಗೆಯ ತರಬೇತಿಗೆ, ಯಾರೂ ತಾವಾಗಿಯೇ ಹಣ ಕೊಡುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಬಾಗಿಲು ತಟ್ಟಬೇಕು. ತಟ್ಟುವ ಮೊದಲು ನಿಮ್ಮ ಕೇಂದ್ರದಲ್ಲಿ ಒಂದು ವ್ಯವಸ್ಥೆ ಇದೆ ಅಂತ ತೋರಿಸಬೇಕು. ಅನುದಾನ ಸಿಗುವುದು ಒಬ್ಬ ಗೈಡಿನ ಹೆಸರಿಗಿಂತ ಹೆಚ್ಚಾಗಿ ಆ ವ್ಯವಸ್ಥೆಗೆ.

ಇದಕ್ಕೆ ಚೌಕಟ್ಟಿನ ಪಿಎಚ್‌ಡಿ ಅನ್ನಬಹುದು. ಒಬ್ಬ ಗೈಡ್, ಒಬ್ಬ ಶಿಷ್ಯ, ಐದು ವರ್ಷ ಅನ್ನುವ ಹಳೇ ಪದ್ಧತಿಯ ಬದಲು ನಿಗದಿತ ಪಾಠ, ಸಮಿತಿಯ ಮುಂದೆ ನಿಯಮಿತ ಹಾಜರಿ, ಜೊತೆಗಾರ ವಿದ್ಯಾರ್ಥಿಗಳ ಗುಂಪು ಇರುವ ಕ್ರಮ ಇದು. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ 1990ರಿಂದ ಇಂಥ ಗುಂಪುಗಳಿಗೇ ಹಣ ಕೊಡುತ್ತಿದೆ. ಒಂದು ವಿಷಯ, ಅದರ ಸುತ್ತ ಒಂದಷ್ಟು ಅಧ್ಯಾಪಕರು, ವಿದ್ಯಾರ್ಥಿಗಳು, ಗರಿಷ್ಠ 9 ವರ್ಷ. ನಮ್ಮಲ್ಲಿ ಚೌಕಟ್ಟನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮವೇ ಹಾಕಿಕೊಟ್ಟಿದೆ. ಹಣವನ್ನು ಮಾತ್ರ ನಾವೇ ಕೂಡಿಸಿಕೊಳ್ಳಬೇಕು.

1. ಚೌಕಟ್ಟು ಕಾಗದದ ಮೇಲೆ ಇದೆಯಾ ನೋಡಿ

ಯುಜಿಸಿಯ ಈಗಿನ ಪಿಎಚ್‌ಡಿ ನಿಯಮಾವಳಿ ಜಾರಿಗೆ ಬಂದಿದ್ದು 2022ರ ನವೆಂಬರ್‌ನಲ್ಲಿ. ವಿಶ್ವವಿದ್ಯಾಲಯದ ಸ್ವಂತ ನಿಯಮಗಳೂ ಇದಕ್ಕೆ ಹೊಂದಿಕೊಂಡಿರಬೇಕು. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಿಯಮ, ಶಿರಸಿಯ ಅರಣ್ಯ ಕಾಲೇಜಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನಿಯಮ. ಯುಜಿಸಿಯದ್ದು, ನಿಮ್ಮ ವಿಶ್ವವಿದ್ಯಾಲಯದ್ದು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಈ ಕೆಳಗಿನವು ನಿಮ್ಮ ಕೇಂದ್ರದಲ್ಲಿ ನಿಜವಾಗಿಯೂ ನಡೆಯುತ್ತಿವೆಯಾ ನೋಡಿ.

ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿಯ ಶುರುವಿನ ಪಾಠಗಳು, ಕನಿಷ್ಠ 12 ಕ್ರೆಡಿಟ್ ಇರಬೇಕು. ಅದರಲ್ಲಿ ಸಂಶೋಧನಾ ವಿಧಾನ ಮತ್ತು ಸಂಶೋಧನೆ-ಪ್ರಕಟಣೆಯ ನೀತಿ (ಎಥಿಕ್ಸ್) ಎರಡೂ ಕಡ್ಡಾಯ. ನೀತಿಯ ಕೋರ್ಸು 2 ಕ್ರೆಡಿಟ್, 30 ಗಂಟೆ. ಪಾಸಾಗಲು ಶೇ 55 ಅಂಕ ಬೇಕು. ಪ್ರತಿಯೊಬ್ಬ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು. ವಿದ್ಯಾರ್ಥಿ ಪ್ರತಿ ಸೆಮಿಸ್ಟರ್ ಈ ಸಮಿತಿಯ ಮುಂದೆ ನಿಂತು ತನ್ನ ಕೆಲಸ ಹೇಳಬೇಕು. ಪಾಠ ಮಾಡುವ, ಬರೆಯುವ ತರಬೇತಿಯೂ ಪಿಎಚ್‌ಡಿಯ ಭಾಗ. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯದ ಕೆಲಸ ಕೊಡಬಹುದು.

ಗೈಡುಗಳ ಲೆಕ್ಕವೂ ಮುಖ್ಯ. ಒಮ್ಮೆಗೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಸಣ್ಣ ಕೇಂದ್ರಗಳು ಎಡವುವುದು ಇಲ್ಲೇ. ಇಬ್ಬರೇ ಗೈಡ್, ಇಬ್ಬರೂ ನಿವೃತ್ತಿಯ ಹತ್ತಿರ. ಅನುದಾನ ಕೊಡುವವರು ಮೊದಲು ನೋಡುವುದೇ ಇದನ್ನು. ಪಿಎಚ್‌ಡಿ ಆಗಿ, 3 ಒಳ್ಳೆಯ ಪ್ರಕಟಣೆ ಇರುವ ಸಹಾಯಕ ಪ್ರಾಧ್ಯಾಪಕರು ನಿಮ್ಮಲ್ಲಿದ್ದರೆ ಅವರ ಗೈಡ್‌ಶಿಪ್ ಅರ್ಜಿಯನ್ನು ಈಗಲೇ ಕಳಿಸಿ.

ಸಲಹಾ ಸಮಿತಿಯ ನಡಾವಳಿ ಇಲ್ಲದ ಕೇಂದ್ರಗಳು ಇನ್ನೂ ಇವೆ. ಹಳೆಯ ದಿನಾಂಕ ಹಾಕಿ ಒಂದೇ ಸಲ ಬರೆದು ಮುಗಿಸುವ ಅಭ್ಯಾಸ ದಯವಿಟ್ಟು ಬಿಡಿ. ಅದು ತಪ್ಪು. ವಿದ್ಯಾರ್ಥಿಗೂ ಅನ್ಯಾಯ. ಯಾಕೆಂದರೆ ಎರಡನೇ ವರ್ಷದಲ್ಲೇ ಹಿಡಿಯಬಹುದಾಗಿದ್ದ ತಪ್ಪು ಐದನೇ ವರ್ಷದಲ್ಲಿ ಸಿಗುತ್ತದೆ.

2. ಬಿಟ್ಟಿ ಸಿಗುವುದನ್ನು ಮೊದಲು ತೆಗೆದುಕೊಳ್ಳಿ

ದುಡ್ಡು ಕೇಳುವ ಮೊದಲು, ದುಡ್ಡಿಲ್ಲದೇ ಸಿಗುವುದನ್ನು ಬಳಸುತ್ತಿದ್ದೀರಾ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಜರ್ನಲ್‌ಗಳು: ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ತೆರೆದಿವೆ. ಸರ್ಕಾರಿ ಕಾಲೇಜಿನವರಾದರೆ ಲೈಬ್ರರಿಯನ್ ಹತ್ತಿರ ಲಾಗಿನ್ ಕೇಳಿ. ಅನುದಾನಿತ ಖಾಸಗಿ ಕಾಲೇಜಿನವರಾದರೆ ಎನ್-ಲಿಸ್ಟ್ ಅನ್ನುವ ಆನ್‌ಲೈನ್ ಜರ್ನಲ್, ಪುಸ್ತಕಗಳ ಸೇವೆ ಇದೆ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಸೇವೆ ಪೂರ್ತಿ ಬಿಟ್ಟಿಯಲ್ಲ. ಆದರೆ ವರ್ಷದ ಚಂದಾ ಕಡಿಮೆಯೇ ಇದೆ.

ಪ್ರಬಂಧಗಳು: ಶೋಧಗಂಗಾ ಜಾಲತಾಣದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಪೂರ್ತಿ ಓದಲು ಸಿಗುತ್ತವೆ. ವಿಷಯ ಆರಿಸುವ ಮೊದಲು ಇಲ್ಲಿ ಹುಡುಕದೇ ಇದ್ದರೆ, ಬೇರೆಯವರು ಮಾಡಿದ್ದನ್ನೇ ಮಾಡುವ ಅಪಾಯ ಜಾಸ್ತಿ.

ನಕಲು ಪರೀಕ್ಷೆ: ಶೋಧಶುದ್ಧಿ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ತಂತ್ರಾಂಶ ಕೊಟ್ಟಿದ್ದಾರೆ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ 10ರ ಒಳಗಿದ್ದರೆ ತೊಂದರೆಯಿಲ್ಲ. ಮೀರಿದರೆ ತಿದ್ದಿ ಮತ್ತೆ ಕೊಡುವುದರಿಂದ ಹಿಡಿದು ನೋಂದಣಿ ರದ್ದಾಗುವ ತನಕ ಶಿಕ್ಷೆ ಇದೆ. ಸಂತೆಯಲ್ಲಿ ತರಕಾರಿ ಮಾರಿದ ಹಾಗೆ ಪರೀಕ್ಷೆ ವರದಿ ಮಾರುವ ಅಂಗಡಿಗಳಿವೆ. ಅಲ್ಲಿ ದುಡ್ಡು ಹಾಕಬೇಡಿ.

ಪಾಠ: ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ವೇದಿಕೆಯ ಕೋರ್ಸುಗಳನ್ನು ಸಲಹಾ ಸಮಿತಿ ಒಪ್ಪಿದರೆ ಕೋರ್ಸ್‌ವರ್ಕ್ ಕ್ರೆಡಿಟ್‌ಗೆ ಸೇರಿಸಬಹುದು. ಸಮಿತಿಯ ಒಪ್ಪಿಗೆ ಮೊದಲು ಬರಬೇಕು. ಕೋರ್ಸ್ ಮುಗಿಸಿಕೊಂಡು ಬಂದು ಒಪ್ಪಿಗೆ ಕೇಳಿದರೆ ಆಗುವುದಿಲ್ಲ.

3. ವಿದ್ಯಾರ್ಥಿಯ ಜೀವನಕ್ಕೆ ಹಣ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪೂರ್ಣಾವಧಿ ವಿದ್ಯಾರ್ಥಿಗೆ ತಿಂಗಳ ಆದಾಯ ಇಲ್ಲದಿದ್ದರೆ ಉಳಿದ ಯಾವ ಸುಧಾರಣೆಯೂ ನಿಲ್ಲುವುದಿಲ್ಲ.

ಜೆಆರ್‌ಎಫ್: ಕಿರಿಯ ಸಂಶೋಧನಾ ಫೆಲೋಶಿಪ್. ಇದು ಸಿಗುವುದು ಯುಜಿಸಿಯ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ. ಅದು ವರ್ಷಕ್ಕೆರಡು ಸಲ ನಡೆಯುತ್ತದೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಹಿರಿಯ ಫೆಲೋಶಿಪ್ ಆಗಿ 42,000 ರೂಪಾಯಿ. ಒಟ್ಟು ಅವಧಿ 5 ವರ್ಷ. ಹಾಸ್ಟೆಲ್ ಕೊಡದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಇದರ ಜೊತೆ ವರ್ಷದ ಸಾದಿಲ್ವಾರು ಹಣವೂ ಇದೆ. ಪುಸ್ತಕ, ಪ್ರಯಾಣ, ಟೈಪಿಂಗ್, ರಾಸಾಯನಿಕಗಳಂಥ ಚಿಲ್ಲರೆ ಖರ್ಚಿಗೆ ಅದು. ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ 5 ವರ್ಷ ಸಡಿಲಿಕೆ.

2024ರಿಂದ ನೆಟ್ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ. ಜೆಆರ್‌ಎಫ್ ಸಿಕ್ಕವರು, ಸಹಾಯಕ ಪ್ರಾಧ್ಯಾಪಕ ಅರ್ಹತೆಯ ಜೊತೆ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರಾದವರು, ಬರೀ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರಾದವರು. ಕೊನೆಯ ಎರಡು ಬಗೆಯವರ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಇದನ್ನು ಮರೆತು ಮುಂದಿನ ವರ್ಷ ನೋಡೋಣ ಅಂತ ಕೂತವರು ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ಸಮುದಾಯವಾರು ರಾಷ್ಟ್ರೀಯ ಫೆಲೋಶಿಪ್‌ಗಳು: ಪರಿಶಿಷ್ಟ ಜಾತಿಯ 2,000 ಜನರಿಗೆ, ಪರಿಶಿಷ್ಟ ಪಂಗಡದ 750 ಜನರಿಗೆ, ಇತರೆ ಹಿಂದುಳಿದ ವರ್ಗದ 1,000 ಜನರಿಗೆ ಪ್ರತಿ ವರ್ಷ ಕೊಡುತ್ತಾರೆ. ಪರಿಶಿಷ್ಟ ಪಂಗಡದ ಫೆಲೋಶಿಪ್‌ಗೆ ನೆಟ್ ಬೇಕಿಲ್ಲ, ಸ್ನಾತಕೋತ್ತರ ಪದವಿಯ ಅಂಕದ ಮೇಲೆ ಆಯ್ಕೆ. ನಮ್ಮ ಜಿಲ್ಲೆಗೆ ಇದು ದೊಡ್ಡ ವಿಷಯ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದೆ. ಎಂಎ, ಎಂಎಸ್ಸಿ ಮುಗಿಸಿದ ಸಿದ್ದಿ ಹುಡುಗ ಹುಡುಗಿಯರು ನಿಮ್ಮ ಕಾಲೇಜಿನಲ್ಲಿದ್ದರೆ ಅವರನ್ನು ಕರೆದು ಕೂರಿಸಿ ಇದನ್ನು ಹೇಳಿ. ಅವರಾಗಿಯೇ ಕೇಳಿಕೊಂಡು ಬರಲಿ ಅಂತ ಕಾಯಬೇಡಿ.

ಒಬ್ಬಳೇ ಮಗಳಿದ್ದರೆ: ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ತಂದೆತಾಯಿಗೆ ಒಬ್ಬಳೇ ಮಗಳಾಗಿ, ಅಣ್ಣ ತಮ್ಮ ಯಾರೂ ಇಲ್ಲದೇ, ಪೂರ್ಣಾವಧಿ ಪಿಎಚ್‌ಡಿ ಮಾಡುತ್ತಿರಬೇಕು. ಇದಕ್ಕೂ ನೆಟ್ ಬೇಕಿಲ್ಲ. ಗೊತ್ತಿರುವವರು ಕಡಿಮೆ.

ವಿಜ್ಞಾನದವರಿಗೆ: ಸಿಎಸ್‌ಐಆರ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ ನೆಟ್ ಇದೆ. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರಿಗೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ಇದೆ. ರಾಜ್ಯ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆಯೂ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಗೆ ಫೆಲೋಶಿಪ್ ಕೊಡುತ್ತದೆ.

ಸಮಾಜ ವಿಜ್ಞಾನದವರಿಗೆ: ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಡಾಕ್ಟೋರಲ್ ಫೆಲೋಶಿಪ್.

ರಾಜ್ಯದ ಇಲಾಖೆಗಳು: ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಪಿಎಚ್‌ಡಿ ವಿದ್ಯಾರ್ಥಿಗಳಿಂದ ಅರ್ಜಿ ಕರೆಯುತ್ತವೆ. ಪ್ರಕಟಣೆ ಕನ್ನಡ ಪತ್ರಿಕೆಗಳಲ್ಲೂ ಬರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ. ಕೊನೆಯ ವಾರ ನಾಡಕಚೇರಿಗೆ ಓಡಿದರೆ ಸಿಗುವುದು ಕಷ್ಟ.

ಈಗ ಎಚ್ಚರಿಕೆಗಳು.

ಒಂದೇ ಸಮಯಕ್ಕೆ ಎರಡು ಫೆಲೋಶಿಪ್ ತೆಗೆದುಕೊಳ್ಳುವಂತಿಲ್ಲ. ಪೂರ್ಣಾವಧಿ ಫೆಲೋಶಿಪ್ ಜೊತೆ ಸಂಬಳದ ಕೆಲಸವೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅತಿಥಿ ಉಪನ್ಯಾಸಕರಾಗಿದ್ದುಕೊಂಡೇ ಪಿಎಚ್‌ಡಿ ಮಾಡುವವರು ಬಹಳ. ಅವರು ಅರೆಕಾಲಿಕ ನೋಂದಣಿ ಮಾಡಿಸಿಕೊಳ್ಳಬಹುದು. ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಆದರೆ ಜೆಆರ್‌ಎಫ್ ಸಿಗುವುದಿಲ್ಲ. ಎರಡನ್ನೂ ಇಟ್ಟುಕೊಂಡು ಸಿಕ್ಕಿಬಿದ್ದರೆ ಪಡೆದ ಹಣವನ್ನೆಲ್ಲ ವಾಪಸ್ ಕಟ್ಟಬೇಕಾಗುತ್ತದೆ.

ನೆಟ್ ಇಲ್ಲದವರಿಗೆ ಯುಜಿಸಿ ತಿಂಗಳಿಗೆ 8,000 ಕೊಡುತ್ತದೆ ಅಂತ ಕೇಳಿರುತ್ತೀರಿ. ಅದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ. ರಾಜ್ಯ ವಿಶ್ವವಿದ್ಯಾಲಯದ ಕಾಲೇಜಿನಲ್ಲಿರುವವರು ಅದನ್ನು ನಂಬಿಕೊಂಡು ಕೂರಬೇಡಿ.

ಜೆಆರ್‌ಎಫ್ ಸಿಕ್ಕ ಮೇಲೂ ಹಣ ಬರಲಿಲ್ಲ ಅನ್ನುವ ದೂರು ಬಹಳ. ಹೆಚ್ಚಿನ ಸಲ ಕಾರಣ ಒಂದೇ, ತಿಂಗಳ ದೃಢೀಕರಣ. ವಿದ್ಯಾರ್ಥಿ ಈ ತಿಂಗಳು ಕೆಲಸ ಮಾಡಿದ್ದಾನೆ ಅಂತ ಸಂಸ್ಥೆ ಪೋರ್ಟಲ್‌ನಲ್ಲಿ ಹಾಕಬೇಕು. ಒಬ್ಬರು ನಮೂದಿಸುತ್ತಾರೆ, ಅವರಿಗೆ ಮೇಕರ್ ಅನ್ನುತ್ತಾರೆ. ಇನ್ನೊಬ್ಬರು ಒಪ್ಪುತ್ತಾರೆ, ಅವರು ಚೆಕರ್. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಹಣ ನಿಲ್ಲುತ್ತದೆ. ನಿಮ್ಮ ಮೇಕರ್, ಚೆಕರ್ ಯಾರು, ಯಾವ ಕಚೇರಿಯಲ್ಲಿ ಕೂರುತ್ತಾರೆ ಅಂತ ಮೊದಲ ವಾರವೇ ತಿಳಿದುಕೊಳ್ಳಿ. ಪ್ರತಿ ತಿಂಗಳು ಹಾಜರಿ ಪತ್ರವನ್ನು ಗೈಡಿನ ಸಹಿಯೊಂದಿಗೆ ನೀವೇ ಕೈಯಾರೆ ತಲುಪಿಸಿ. ಎರಡು ವರ್ಷ ತುಂಬಿದಾಗ ಹಿರಿಯ ಫೆಲೋಶಿಪ್‌ಗೆ ಏರಲು ಹೊರಗಿನ ತಜ್ಞರಿರುವ ಸಮಿತಿ ಕೂರಬೇಕು. ಆ ಸಭೆಯ ತಯಾರಿ ಎರಡು ತಿಂಗಳು ಮೊದಲೇ ಶುರುವಾಗಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿ.

ಹೊರದೇಶದ ಬಗ್ಗೆ ಕೇಳುವವರಿಗೆ ಒಂದೇ ಮಾತು. ಯುರೋಪಿನ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳು ಚೌಕಟ್ಟಿನ ಪಿಎಚ್‌ಡಿಗೆಂದೇ ಹಣ ಕೊಡುತ್ತವೆ. ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಸೇರಿ ನಡೆಸುತ್ತವೆ. ವಿದ್ಯಾರ್ಥಿಯನ್ನು ಸಂಬಳದ ಕರಾರಿನ ಮೇಲೆ ತೆಗೆದುಕೊಳ್ಳುತ್ತಾರೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಆದರೆ ಸೇರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಖಾಲಿ ಜಾಗಗಳು ಯುರಾಕ್ಸೆಸ್ ಪೋರ್ಟಲ್‌ನಲ್ಲಿ ಬರುತ್ತವೆ. ಕಡಲ ಜೀವಶಾಸ್ತ್ರ ಓದಿದವರು ಅಲ್ಲಿ ಆಗಾಗ ನೋಡುತ್ತಿರಿ.

4. ಕೇಂದ್ರಕ್ಕೆ ಹಣ

ಪಾಠ, ತರಬೇತಿಗೆ ಸಮಾಜ ವಿಜ್ಞಾನದಲ್ಲಿ ಮೊದಲು ನೋಡಬೇಕಾದ್ದು ಐಸಿಎಸ್‌ಎಸ್‌ಆರ್. ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ 10 ದಿನಗಳ ಸಂಶೋಧನಾ ವಿಧಾನ ಕೋರ್ಸ್ ನಡೆಸಲು ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಸೆಮಿನಾರುಗಳಿಗೂ ಕೊಡುತ್ತದೆ. ದಕ್ಷಿಣದ ಪ್ರಾದೇಶಿಕ ಕೇಂದ್ರ ಹೈದರಾಬಾದಿನಲ್ಲಿದೆ. ಮೊದಲ ಸಲ ಕೇಳುವವರು ಸಣ್ಣ ಸೆಮಿನಾರಿನಿಂದ ಶುರು ಮಾಡಿ. ಅದನ್ನು ಚೆನ್ನಾಗಿ ನಡೆಸಿ, ಲೆಕ್ಕ ಸರಿಯಾಗಿ ಕೊಟ್ಟರೆ ದೊಡ್ಡದನ್ನು ಕೇಳಲು ಮುಖ ಇರುತ್ತದೆ. ಐಸಿಎಸ್‌ಎಸ್‌ಆರ್ ಮಾನ್ಯತೆಯ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಂಡಿಆರ್ ಧಾರವಾಡದಲ್ಲೇ ಇದೆ. ಸಂಪನ್ಮೂಲ ವ್ಯಕ್ತಿಗಳಿಗಾಗಿ ದಿಲ್ಲಿ, ಬೆಂಗಳೂರು ಅಂತ ಹುಡುಕುವ ಮೊದಲು ಅಲ್ಲಿ ಕೇಳಿ. ಪ್ರಯಾಣದ ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ವಿಜ್ಞಾನದ ಪ್ರಯೋಗಾಲಯಕ್ಕೆ ರಾಜ್ಯದಲ್ಲಿ ವಿಜಿಎಸ್‌ಟಿ ಇದೆ, ಅಂದರೆ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಸಮೂಹ. ಅದರ ಕೆ-ಫಿಸ್ಟ್ ಯೋಜನೆ ಕಾಲೇಜು ವಿಭಾಗಗಳ ಮೂಲಸೌಕರ್ಯಕ್ಕೆಂದೇ ಇರುವುದು. ಯುವ ಅಧ್ಯಾಪಕರಿಗೆ ಬೀಜಧನದ ಯೋಜನೆಯೂ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇಂಥದ್ದೇ ಯೋಜನೆ ಡಿಎಸ್‌ಟಿ-ಫಿಸ್ಟ್ 2000ದಿಂದ ಇದೆ, ಪೈಪೋಟಿ ಜಾಸ್ತಿ. ಮೊದಲು ರಾಜ್ಯದ್ದು ಪಡೆದು ಆಮೇಲೆ ಕೇಂದ್ರದ್ದಕ್ಕೆ ಹೋಗುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸ್ಟಾರ್ ಕಾಲೇಜು ಯೋಜನೆಯನ್ನು ಪಿಎಚ್‌ಡಿಗೆ ಅಂತ ತಪ್ಪು ತಿಳಿಯುವವರಿದ್ದಾರೆ. ಅದು ಪದವಿ ತರಗತಿಗಳಿಗೆ.

ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಹಳೇ ಮಂಡಳಿ ಎಸ್‌ಇಆರ್‌ಬಿ ಈಗ ಇಲ್ಲ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಅದು ಸೇರಿದೆ. ಹಳೇ ನಮೂನೆಯ ಅರ್ಜಿ ತುಂಬಿ ಸಮಯ ಹಾಳು ಮಾಡಿಕೊಳ್ಳಬೇಡಿ. ಉನ್ನತ ಶಿಕ್ಷಣಕ್ಕೆ ಹಣ ಕೊಡುತ್ತಿದ್ದ ಕೇಂದ್ರದ ರೂಸಾ ಯೋಜನೆಯ ಜಾಗಕ್ಕೆ ಪಿಎಂ-ಉಷಾ ಬಂದಿದೆ. ಅದು ರಾಜ್ಯ ಸರ್ಕಾರದ ಮೂಲಕವೇ ಹೋಗಬೇಕು, ಕಾಲೇಜು ನೇರವಾಗಿ ಕೇಳುವುದಲ್ಲ.

ಇನ್ನೊಂದು ದಾರಿ ಊರಲ್ಲೇ ಇದೆ, ದತ್ತಿ ನಿಧಿ. ಮುಂಬೈ, ಬೆಂಗಳೂರಲ್ಲಿರುವ ಹಳೇ ವಿದ್ಯಾರ್ಥಿಗಳು ಕಟ್ಟಡಕ್ಕೆ ಕೊಡುತ್ತಾರೆ, ಸಂಶೋಧನೆಗೂ ಕೊಡುತ್ತಾರೆ. ಆದರೆ ಕೇಳುವುದು ಸ್ಪಷ್ಟವಾಗಿರಬೇಕು. 'ಸಂಶೋಧನೆಗೆ ಸಹಾಯ ಮಾಡಿ' ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. 'ಬಡ್ಡಿಯಿಂದ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಕ್ಷೇತ್ರಕಾರ್ಯದ ಬಸ್ ಚಾರ್ಜು, ಊಟ ಹೋಗುತ್ತದೆ' ಅಂದರೆ ಕೊಡುತ್ತಾರೆ.

5. ಪ್ರಸ್ತಾವನೆ ಬರೆಯುವುದು

ಪ್ರಸ್ತಾವನೆಯಲ್ಲಿ ಮೊದಲು ಕೊರತೆ, ಆಮೇಲೆ ಕೆಲಸ, ಕೊನೆಗೆ ಹಣ. ಬಹಳ ಜನ ಹಣದಿಂದ ಶುರು ಮಾಡುತ್ತಾರೆ.

ಕೋರ್ಸ್‌ವರ್ಕನ್ನೇ ತೆಗೆದುಕೊಳ್ಳಿ. 1 ಕ್ರೆಡಿಟ್‌ಗೆ 15 ಗಂಟೆ ಅಂದರೆ 12 ಕ್ರೆಡಿಟ್‌ಗೆ 180 ಗಂಟೆ. 4 ಕ್ರೆಡಿಟ್ ಸ್ವಯಂನಿಂದ ಬಂದರೆ ಉಳಿದದ್ದು 120 ಗಂಟೆ. ಅದರಲ್ಲಿ 90 ಗಂಟೆ ನಿಮ್ಮವರೇ ಪಾಠ ಮಾಡಬಹುದು. ಸಂಖ್ಯಾಶಾಸ್ತ್ರದ ತಂತ್ರಾಂಶ, ಹಸ್ತಪ್ರತಿ ಓದುವುದು, ಪ್ರಬಂಧ ಬರೆಯುವುದು, ಇಂಥವಕ್ಕೆ 30 ಗಂಟೆ ಹೊರಗಿನವರು ಬೇಕು. ಅಂದರೆ ಮೂರು ಗಂಟೆಯ 10 ಶನಿವಾರಗಳು. ಕೇಳಬೇಕಾದ್ದು ಈ 10 ಶನಿವಾರಗಳ ಗೌರವಧನ, ಪ್ರಯಾಣ, ವಸತಿಯನ್ನು. ಹೀಗೆ ಬಿಡಿಸಿ ಬರೆದರೆ ಓದುವ ತಜ್ಞರಿಗೆ ನಂಬಿಕೆ ಬರುತ್ತದೆ. 'ಕೋರ್ಸ್‌ವರ್ಕ್ ಬಲಪಡಿಸಲು 5 ಲಕ್ಷ' ಅಂತ ಒಂದು ಸಾಲು ಬರೆದರೆ ಪಕ್ಕಕ್ಕೆ ಇಡುತ್ತಾರೆ.

ನಾಲ್ಕು ವಿದ್ಯಾರ್ಥಿಗಳಿಗಾಗಿ 10 ಶನಿವಾರ ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಕಾಲೇಜುಗಳು ಸೇರಬೇಕು. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದವರು ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬರಬಹುದು. ಶಿರಸಿಯವರು ದೇವಿಮನೆ ಘಟ್ಟ ಇಳಿದು ಬರಬಹುದು. ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಕೋರ್ಸ್‌ವರ್ಕನ್ನು ಒಟ್ಟಿಗೆ ನಡೆಸಿದರೆ 20 ವಿದ್ಯಾರ್ಥಿಗಳ ತರಗತಿ ಆಗುತ್ತದೆ. ಇದರಿಂದ ಖರ್ಚು ಉಳಿಯುತ್ತದೆ. ಅದಕ್ಕಿಂತ ಮುಖ್ಯ, ನಮ್ಮ ವಿದ್ಯಾರ್ಥಿಗಳಿಗೆ ಜೊತೆಗಾರರು ಸಿಗುತ್ತಾರೆ. ಮೂರನೇ ವರ್ಷ ಪಿಎಚ್‌ಡಿ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಮಾತಾಡಲು ಯಾರೂ ಇಲ್ಲದೇ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ತರಗತಿಗಳನ್ನು ನವೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಜೂನ್, ಜುಲೈನಲ್ಲಿ ಘಟ್ಟದ ರಸ್ತೆ, ಹೆದ್ದಾರಿ ಯಾವುದನ್ನೂ ನಂಬುವಂತಿಲ್ಲ.

ಕ್ಷೇತ್ರಕಾರ್ಯದ ಬಜೆಟ್ಟಿಗೂ ನಮ್ಮ ಕರಾವಳಿಯ ಕ್ಯಾಲೆಂಡರ್ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬಂದರಿನಲ್ಲಿ ಮೀನಿನ ಮಾದರಿ ಸಿಗುವುದಿಲ್ಲ. ವರ್ಷಪೂರ್ತಿ ತಿಂಗಳಿಗೊಮ್ಮೆ ಮಾದರಿ ಸಂಗ್ರಹ ಅಂತ ಬರೆದರೆ, ಗೊತ್ತಿರುವ ತಜ್ಞರು ಅಲ್ಲೇ ಪ್ರಶ್ನೆ ಹಾಕುತ್ತಾರೆ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲಿನ ಅಧ್ಯಯನವಾದರೆ ಕೆಲಸ ಇಳಿತದ ಹೊತ್ತಿನಲ್ಲೇ ಆಗಬೇಕು. ದಿನಕ್ಕೆ ಕೆಲವೇ ಗಂಟೆ. ಹಾಗಾಗಿ ದೋಣಿ ಬಾಡಿಗೆಯ ದಿನಗಳು ಲೆಕ್ಕಕ್ಕಿಂತ ಜಾಸ್ತಿ ಬೇಕಾಗುತ್ತವೆ. ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಗಳ, ಕಗ್ಗ ಭತ್ತದ ಮೇಲೆ ಕೆಲಸ ಮಾಡುವವರಿಗೆ ಮಳೆಗಾಲವೇ ಮುಖ್ಯ ಕಾಲ. ಅನುದಾನದ ಮೊದಲ ಕಂತು ಅಕ್ಟೋಬರ್‌ನಲ್ಲಿ ಬಂದರೆ ಆ ವರ್ಷದ ಬೆಳೆ ತಪ್ಪಿಹೋಗಿರುತ್ತದೆ. ಕಾಲಪಟ್ಟಿಯನ್ನು 'ಹಣ ಬಂದ ಮೊದಲ ಮುಂಗಾರು' ಅಂತ ಬರೆಯಿರಿ, ತಿಂಗಳ ಹೆಸರು ಹಾಕಬೇಡಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಗಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ನಿಮ್ಮ ವಿಷಯ ಅದಕ್ಕೆ ಸೇರಿದ್ದರೆ ಮೊದಲ ಪುಟದಲ್ಲೇ ಹೇಳಿ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಕೆಲಸವಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೆಂಗಳೂರಿನ ಅರಣ್ಯ ಭವನದಿಂದ ಬರಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಲಕ್ಕಿ, ಸಿದ್ದಿ ಸಮುದಾಯಗಳ ನಡುವೆ ಕೆಲಸ ಮಾಡುವವರು ಸಂಶೋಧನಾ ನೀತಿ (ಎಥಿಕ್ಸ್) ಸಮಿತಿಯ ಒಪ್ಪಿಗೆ ಪಡೆಯಿರಿ. ಹಾಡು ಹೇಳಿದ ಅಜ್ಜಿಗೆ, ದಾರಿ ತೋರಿಸಿದವರಿಗೆ ಗೌರವಧನವನ್ನೂ ಬಜೆಟ್ಟಿನಲ್ಲಿ ಸೇರಿಸಿ. ಒಂದು ದಿನದ ಕೂಲಿ ಬಿಟ್ಟು ನಿಮ್ಮ ಜೊತೆ ಕೂತವರನ್ನು ಸುಮ್ನೆ ಥ್ಯಾಂಕ್ಸ್ ಹೇಳಿ ಕಳಿಸಬಾರದು.

ಉಪಕರಣ ಕೇಳುವಾಗ ಕಡಲ ಗಾಳಿಯನ್ನು ಮರೆಯಬೇಡಿ. ಉಪ್ಪಿನ ಗಾಳಿಗೆ ಲೋಹ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಷ್ಟು ಬರುತ್ತದೆ. ಉಪಕರಣದ ಬೆಲೆಯ ಜೊತೆ ತೇವ ಹೀರುವ ಯಂತ್ರ, ಯುಪಿಎಸ್, ವಾರ್ಷಿಕ ನಿರ್ವಹಣಾ ಕರಾರು ಇವನ್ನೂ ಸೇರಿಸಿ. ಆಮೇಲೆ ಪ್ರತ್ಯೇಕವಾಗಿ ಕೇಳಿದರೆ ಸಿಗುವುದಿಲ್ಲ.

6. ಸಹಿಗಳ ದಾರಿ

ವಿಭಾಗದ ಮುಖ್ಯಸ್ಥರು, ಪ್ರಾಚಾರ್ಯರು, ಖಾಸಗಿ ಕಾಲೇಜಾದರೆ ಆಡಳಿತ ಮಂಡಳಿ, ಕೆಲವು ಯೋಜನೆಗಳಿಗೆ ವಿಶ್ವವಿದ್ಯಾಲಯದ ಕುಲಸಚಿವರು. ಕೊನೆಯ ದಿನಕ್ಕೆ ಮೂರು ವಾರ ಮೊದಲು ಎಲ್ಲ ಸಿದ್ಧವಿರಲಿ. ಕಾರವಾರದಿಂದ ಆರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ, ಸಹಿ ಹಾಕುವವರು ಅವತ್ತು ಇಲ್ಲ ಅಂತ ತಿರುಗಿ ಬರುವುದು ಬೇಡ. ಹೋಗುವ ಮೊದಲು ಫೋನ್ ಮಾಡಿ. ಹೋಗುವಾಗ ಬೇರೆ ವಿದ್ಯಾರ್ಥಿಗಳ ಕಾಗದಗಳನ್ನೂ ಒಯ್ಯಿರಿ.

7. ಹಣ ಬಂದ ಮೇಲೆ

ಮಂಜೂರಾತಿ ಪತ್ರವನ್ನು ಎರಡು ಸಲ ಓದಿ. ಅದರಲ್ಲಿ ಎರಡು ಬಗೆಯ ಬಾಬ್ತು ಇರುತ್ತದೆ. ಉಪಕರಣದಂಥ ಒಮ್ಮೆ ಮಾಡುವ ಖರ್ಚು ಒಂದು, ಪ್ರಯಾಣ, ಗೌರವಧನದಂಥ ಮರಳಿ ಮರಳಿ ಬರುವ ಖರ್ಚು ಇನ್ನೊಂದು. ಒಂದರ ಹಣ ಇನ್ನೊಂದಕ್ಕೆ ಹಾಕುವಂತಿಲ್ಲ. ಅನಿವಾರ್ಯವಾದರೆ ಮೊದಲು ಬರೆದು ಕೇಳಿ, ಉತ್ತರ ಬಂದ ಮೇಲೆ ಖರ್ಚು ಮಾಡಿ.

ದೋಣಿಯವರು, ಹಳ್ಳಿಯ ಊಟದ ಮನೆಯವರು ಮುದ್ರಿತ ಬಿಲ್ಲು ಕೊಡುವುದಿಲ್ಲ. ಅದಕ್ಕೆ ಓಚರ್ ಬರೆಸಿ. ದಿನಾಂಕ, ಕೆಲಸ, ಮೊತ್ತ, ಹೆಸರು, ಊರು, ಸಹಿ ಅಥವಾ ಹೆಬ್ಬೆಟ್ಟು. ಮೊತ್ತ 5,000 ರೂಪಾಯಿ ಮೀರಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಿಸಿ. ಖಾಲಿ ಓಚರ್ ಪುಸ್ತಕ, ಇಂಕ್ ಪ್ಯಾಡ್, ನಾಲ್ಕು ಸ್ಟಾಂಪ್ ಕ್ಷೇತ್ರಕ್ಕೆ ಹೋಗುವ ಚೀಲದಲ್ಲೇ ಇರಲಿ. ಮನೆಗೆ ಬಂದು ಬರೆಯೋಣ ಅಂದರೆ ಆ ದೋಣಿಯವರನ್ನು ಮತ್ತೆ ಹುಡುಕಿಕೊಂಡು ಹೋಗಬೇಕು. ಥರ್ಮಲ್ ಕಾಗದದ ಬಿಲ್ಲುಗಳ ಅಕ್ಷರ ಆರು ತಿಂಗಳಲ್ಲಿ ಅಳಿಸಿಹೋಗಬಹುದು. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಪಡೆದ ಹಣವನ್ನು ಹೇಳಿದ ಕೆಲಸಕ್ಕೇ ಖರ್ಚು ಮಾಡಿದ್ದೇವೆ ಅನ್ನುವ ದಾಖಲೆ ಅದು. ಕೇಂದ್ರದ ಅನುದಾನಗಳಿಗೆ ನಮೂನೆ 12-ಎ ಬಳಸುತ್ತಾರೆ. ಅದರ ಜೊತೆ ಖರ್ಚಿನ ಪಟ್ಟಿಗೆ ಚಾರ್ಟರ್ಡ್ ಅಕೌಂಟೆಂಟ್ ಸಹಿಯನ್ನೂ ಕೇಳುತ್ತಾರೆ. ಇದು ತಲುಪದೇ ಎರಡನೇ ಕಂತು ಬರುವುದಿಲ್ಲ. ಒಂದು ವಿಭಾಗ ಪ್ರಮಾಣಪತ್ರ ಕೊಡದೇ ಬಿಟ್ಟರೆ, ಅದೇ ಕಾಲೇಜಿನ ಬೇರೆ ವಿಭಾಗದ ಅರ್ಜಿಯೂ ಸಿಕ್ಕಿಬೀಳಬಹುದು. ಹೊಸ ಅರ್ಜಿ ಹಾಕುವ ಮೊದಲು ಪ್ರಾಚಾರ್ಯರ ಕಚೇರಿಯಲ್ಲಿ ಹಳೇ ಬಾಕಿ ಏನಾದರೂ ಇದೆಯಾ ಕೇಳಿ. ನಿವೃತ್ತರಾದವರ ಯೋಜನೆಯದ್ದೂ ಕೇಳಿ.

ಖರ್ಚಾಗದೇ ಉಳಿದ ಹಣದ ಜೊತೆ, ಆ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ವಾಪಸ್ ಕಟ್ಟಬೇಕು. ಬಡ್ಡಿ ನಮ್ಮದು ಅಂದುಕೊಂಡು ಕುರ್ಚಿ, ಫ್ಯಾನು ತಂದವರು ಆಮೇಲೆ ಕೈಯಿಂದ ಕಟ್ಟಬೇಕಾಗುತ್ತದೆ. ಕಟ್ಟಿದ ರಸೀದಿಯ ಎರಡು ಪ್ರತಿ ತೆಗೆದು ಒಂದನ್ನು ಯೋಜನೆಯ ಫೈಲಿಗೆ, ಇನ್ನೊಂದನ್ನು ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಕೊಡಿ. ಮುಂದಿನ ಅರ್ಜಿ ಹಾಕುವವರು ನೀವೇ ಆಗಿರಲಿ, ನಿಮ್ಮ ನಂತರ ಬಂದವರೇ ಆಗಿರಲಿ, ಆ ರಸೀದಿ ಬೇಕಾಗುತ್ತದೆ.